ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಸ್ಟ್ರಿಕ್ಟ್ ಆಗಿರ್ಬೇಕಾ ಫ್ರೆಂಡ್ಲಿ ಆಗಿರ್ಬೇಕಾ? ಮಕ್ಕಳು ನೋಡೋದು ಎಂತ?

ಪ್ರಶ್ನೆ: ನಾನು ಪೆರ್ಲ ಕಡೆಯವಳು. ಹತ್ತನೇವರೆಗೆ ಕನ್ನಡ ಮೀಡಿಯಂ, ಬಿಎಸ್ಸಿ ನರ್ಸಿಂಗ್ ಮುಗಿಸಿ ಎರಡು ವರ್ಷ ಮಂಗಳೂರಲ್ಲಿ ಮೆಡಿಕಲ್ ವಾರ್ಡಲ್ಲಿ ಕೆಲಸ ಮಾಡಿದೆ. ಈಗ ಕಾಸರಗೋಡಲ್ಲಿ ಒಂದು ನರ್ಸಿಂಗ್ ಕಾಲೇಜಿಗೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿ, ಅಂದ್ರೆ ವಾರ್ಡಲ್ಲಿ ಮಕ್ಕಳಿಗೆ ಕೆಲಸ ಕಲಿಸುವವಳಾಗಿ, ಸೇರಿ ಒಂದು ತಿಂಗಳಾಯ್ತು. ಮೊದಲ ದಿನದಿಂದ್ಲೇ ಟೈಟ್ ಮಾಡು, ಇಲ್ಲಾಂದ್ರೆ ಮಕ್ಕಳು ತಲೆ ಮೇಲೆ ಕೂರ್ತಾರೆ ಅಂತ ಸೀನಿಯರ್ಸ್ ಹೇಳ್ತಾರೆ. ನಂಗೆ ಜೋರು ಮಾಡ್ಲಿಕ್ಕೆ ಬರೋದಿಲ್ಲ. ಮಕ್ಕಳು ಕೇಳಿದ್ದಕ್ಕೆ ಉತ್ತರ ಗೊತ್ತಿಲ್ದಿದ್ರೆ ಬೆವರು ಬಿಡ್ತದೆ, ಇಂಗ್ಲಿಷೂ ಅಷ್ಟಕ್ಕಷ್ಟೆ. ನರ್ಸಿಂಗ್ ಮಕ್ಕಳಿಗೆ ನಿಜಕ್ಕೂ ಎಂಥ ಇನ್‌ಸ್ಟ್ರಕ್ಟರ್ ಬೇಕು?

ಉತ್ತರ: ಸ್ಟ್ರಿಕ್ಟಾ ಫ್ರೆಂಡ್ಲಿಯಾ ಅನ್ನೋದು ಟೀಚರ್ಸ್ ರೂಮಿನ ಪ್ರಶ್ನೆ ಮಾರಾಯ್ರೆ. ಹಾಸ್ಟೆಲಲ್ಲಿ ರಾತ್ರಿ ಊಟ ಆದ್ಮೇಲೆ ಮಕ್ಕಳು ಕೇಳೋದು ಒಂದೇ, "ನಾಳೆ ವಾರ್ಡಲ್ಲಿ ಯಾವ ಮೇಡಂ?" ಒಂದು ಹೆಸರು ಹೇಳಿದ್ರೆ "ಅಬ್ಬ, ಅವ್ರಾದ್ರೆ ಅಡ್ಡಿಲ್ಲ", ಇನ್ನೊಂದು ಹೆಸರು ಹೇಳಿದ್ರೆ "ನಂಗೆ ನಾಳೆ ಜ್ವರ ಆಯ್ತಾ, ನಾನು ಬರೋದಿಲ್ಲ". ನಾನು ಇಪ್ಪತ್ತೇಳು ವರ್ಷ ಈ ಕೆಲಸ ಮಾಡಿದವಳು, ಅರ್ಧ ತಲಪಾಡಿಯ ಕೇರಳ ಗಡಿಯ ಆಚೆ ಅರ್ಧ ಈಚೆ, ಆ "ಅಡ್ಡಿಲ್ಲ" ಅನ್ನಿಸ್ಕೊಂಡ ಮೇಡಮ್ಮರಲ್ಲಿ ಮಹಾ ಜೋರಿನವ್ರೂ ಇದ್ರು, ಬಾಯೇ ಬಿಡದ ಸಾಧುಗಳೂ ಇದ್ರು. ಅವ್ರೆಲ್ಲರಲ್ಲಿ ಸಮಾನ ಇದ್ದದ್ದು ಒಂದೇ, ಮಗುವಿನ ಕೈ ನಡುಗುವ ಹೊತ್ತಿಗೆ ಅವ್ರು ಬೆಡ್ಡಿನ ಪಕ್ಕ ನಿಂತಿರ್ತಿದ್ರು. ಬೇರೆ ಎಲ್ಲ ಆಮೇಲೆ.

ನನ್ನದೇ ಕಥೆ ಹೇಳ್ತೇನೆ. ಜಿಎನ್‌ಎಂ ಅಂದ್ರೆ ನರ್ಸಿಂಗ್ ಡಿಪ್ಲೊಮಾ ಓದುವಾಗ, ಮೊದಲ ಐಎಂ ಇಂಜೆಕ್ಷನ್, ಅಂದ್ರೆ ಮಾಂಸಖಂಡಕ್ಕೆ ಕೊಡುವ ಸೂಜಿ. ಊರು ಆಸ್ಪತ್ರೆ ಎರಡೂ ಬೇಡ, ಬಿಡಿ. ಮೇಡಂ ವಾರ್ಡಿನ ಬಾಗಿಲಲ್ಲಿ ಯಾರ ಹತ್ರವೋ ಮಾತಾಡ್ತಾ ನಿಂತಿದ್ರು, ನಾನು ಆಂಪೂಲ್ ಒಡೆದು ಮದ್ದು ಎಳೆದು ಟ್ರೇ ಹಿಡ್ಕೊಂಡು ಒಬ್ಬಳು ಅಜ್ಜಿಯ ಹತ್ರ ಹೋದೆ, ಸೂಜಿ ಹಾಕಿದ್ದು ಅರ್ಧ ಮಾತ್ರ ಒಳಗೆ ಹೋಯ್ತು, ಹೆದರಿ ತೆಗೆದೆ, ಮದ್ದು ಕೈ ಮೇಲೆಲ್ಲ ಇಳಿದುಹೋಯ್ತು. ಆಗ ಮೇಡಂ ಬಂದ್ರು. ಬಂದವ್ರೇ ಇಡೀ ವಾರ್ಡಿಗೆ ಕೇಳುವ ಹಾಗೆ, "ನಿಂಗ್ಯಾಕೆ ನರ್ಸಿಂಗ್, ಬೀಡಿ ಕಟ್ಲಿಕ್ಕೆ ಹೋಗು" ಅಂದ್ರು. ನಾನು ಅಳು ನುಂಗ್ತಾ ನಿಂತಿದ್ದೆ. ಮೇಡಂ ಅತ್ತ ಹೋದ್ಮೇಲೆ ಆ ಅಜ್ಜಿ ಮೆಲ್ಲ ನನ್ನ ಕೈ ಹಿಡ್ಕೊಂಡು ಹೇಳಿದ್ಳು, "ಬೀಡಿ ಕಟ್ಟುದೂ ಸುಲಭ ಅಲ್ಲ ಮಗಾ, ನಂಗೆ ನನ್ನ ಅತ್ತೆ ಪಕ್ಕದಲ್ಲಿ ಕೂತು ಕಲಿಸಿದ್ದು." ಐವತ್ತು ವರ್ಷ ಬೀಡಿ ಕಟ್ಟಿದ ಕೈ ಅದು, ಬೆರಳ ತುದಿ ಎಲ್ಲ ಸವೆದಿತ್ತು.

ಮರುವಾರ ಬೇರೆ ಮೇಡಂ. ಇವ್ರು ಕೂಡ ನಗುವವ್ರೇನಲ್ಲ, ಯೂನಿಫಾರ್ಮಿನ ಒಂದು ಪಿನ್ ಓರೆ ಇದ್ರೂ ಬಿಡ್ತಿರ್ಲಿಲ್ಲ. ಆದ್ರೆ ಬೆಡ್ಡಿಗೆ ಹೋಗುವ ಮೊದ್ಲು ನನ್ನನ್ನ ಟ್ರೀಟ್‌ಮೆಂಟ್ ರೂಮಿಗೆ ಕರ್ಕೊಂಡು ಹೋಗಿ, ಬಾಗಿಲು ಹಾಕಿ, ಎಂತ ಮಾಡ್ತಿ ಬಾಯಲ್ಲಿ ಹೇಳು ಅಂದ್ರು. ನಾನು ಹೇಳ್ತಾ ಹೋದೆ, ಭುಜದ ಮೂಳೆ ತುದಿಯಿಂದ ಎರಡು ಮೂರು ಬೆರಳು ಕೆಳಗೆ ಅಂದಾಗ ತಮ್ಮದೇ ತೋಳು ಮುಂದಿಟ್ಟು "ತೋರ್ಸು" ಅಂದ್ರು. ಅಲ್ಲಿಂದ ಬೆಡ್ಡಿಗೆ. ರೋಗಿಯ ಹತ್ರ "ಸಿಸ್ಟರ್ ಇಂಜೆಕ್ಷನ್ ಕೊಡ್ತಾರೆ" ಅಂದ್ರು, "ಸ್ಟೂಡೆಂಟ್" ಅನ್ನಲಿಲ್ಲ, ಇವಳು ಹೊಸಬಳು ಸ್ವಲ್ಪ ಸಹಿಸ್ಕೊಳ್ಳಿ ಅಂತ ಕೂಡ ಅನ್ನಲಿಲ್ಲ. ನನ್ನ ಮೊಣಕೈ ಕೆಳಗೆ ಅವ್ರ ಎರಡು ಬೆರಳು ಇತ್ತು, ಯಾರಿಗೂ ಕಾಣದ ಹಾಗೆ. "ಈಗ" ಅಂತ ಪಿಸುಗುಟ್ಟಿದ್ರು. ಆಯ್ತು. ಹೊರಗೆ ಬಂದ್ಮೇಲೆ ಮಾತ್ರ, ಟ್ರೇಯಲ್ಲಿ ಹತ್ತಿ ಎರಡು ತುಂಡು ಜಾಸ್ತಿ ಯಾಕೆ ಅಂತ ಒಂದು ಕ್ಲಾಸ್ ತಗೊಂಡ್ರು.

ಎರಡನೆಯವ್ರೂ ಜೋರೇ ಅನ್ನೋದು ಗಮನಿಸಿ. ಮಕ್ಕಳಿಗೆ ಜೋರಿನ ಹೆದರಿಕೆ ನಾವು ಅಂದ್ಕೊಂಡಷ್ಟು ಇಲ್ಲ, ಅವ್ರು ಕ್ಷಮಿಸದೇ ಇರೋದು ರೋಗಿಯ ಮುಂದೆ ಮರ್ಯಾದೆ ತೆಗೆಯೋದನ್ನ. ಒಮ್ಮೆ ಹಾಗೆ ಮಾಡಿದ್ರೆ ಆ ರೋಗಿ ಮತ್ತೆ ಆ ಮಗುವಿನ ಕೈಯಿಂದ ಮಾತ್ರೆ ಕೂಡ ತಗೊಳ್ಳೋದಿಲ್ಲ, "ನೀವು ಬೇಡ, ದೊಡ್ಡ ಸಿಸ್ಟರನ್ನ ಕರೀರಿ" ಅಂತಾರೆ, ಅಲ್ಲಿಗೆ ಆ ಮಗುವಿನ ಆ ವಾರದ ಪೋಸ್ಟಿಂಗ್ ಮುಗೀತು.

ಇದು ನನ್ನೊಬ್ಬಳ ಅನುಭವ ಅಂತ ಅಂದ್ಕೊಳ್ಬೇಡಿ. ನಾಕ್ಸ್, ಮೋಗನ್ ಅಂತ ಕೆನಡಾದ ಇಬ್ಬರು 1985ರಲ್ಲಿ ಕ್ಲಿನಿಕಲ್ ಟೀಚರನ್ನ ಅಳೆಯೋದಕ್ಕೆ 48 ಅಂಶಗಳ ಒಂದು ಪಟ್ಟಿ ಮಾಡಿದ್ರು, ಕಲಿಸುವ ಸಾಮರ್ಥ್ಯ, ನರ್ಸಿಂಗ್ ಕೈಚಳಕ, ಮೌಲ್ಯಮಾಪನ, ಮಕ್ಕಳ ಜೊತೆ ಸಂಬಂಧ, ವ್ಯಕ್ತಿತ್ವ, ಹೀಗೆ ಐದು ಭಾಗ. ಎಂಎಸ್ಸಿ ಥೀಸಿಸ್ ಮಾಡುವವ್ರು ಇವತ್ತಿಗೂ ಅದನ್ನೇ ಹಿಡ್ಕೊಂಡು ಓಡಾಡ್ತಾರೆ. 1987ರಲ್ಲಿ ಅವ್ರೇ ಅತ್ಯುತ್ತಮ ಟೀಚರ್ ಯಾರು ಅತಿ ಕೆಟ್ಟವ್ರು ಯಾರು ಅಂತ ಹೋಲಿಸಿ ನೋಡಿದಾಗ ಇಬ್ಬರ ಮಧ್ಯೆ ಎಲ್ಲಕ್ಕಿಂತ ದೊಡ್ಡ ಅಂತರ ಕಂಡದ್ದು ರೋಲ್ ಮಾಡೆಲ್ ಅನ್ನೋ ಅಂಶದಲ್ಲಿ. ಅಂದ್ರೆ, ನಾನೂ ಇವ್ರ ಹಾಗೆ ನರ್ಸ್ ಆಗ್ಬೇಕು ಅಂತ ಮಗುವಿಗೆ ಅನ್ಸ್ತದಾ ಇಲ್ವಾ.

ರೋಲ್ ಮಾಡೆಲ್ ಅಂದ್ರೆ ಸ್ಟೇಜಲ್ಲಿ ಶಾಲು ಹೊದಿಸ್ಕೊಳ್ಳೋದಂತ ನಮ್ಮಲ್ಲಿ ಕೆಲವ್ರು ತಿಳ್ಕೊಂಡಿದ್ದಾರೆ. ವಾರ್ಡಲ್ಲಿ ಅದು ತುಂಬ ಸಣ್ಣ ವಿಷಯ. ರೆಸ್ಪಿರೇಶನ್ ಕೌಂಟ್ ತಗೊಳ್ಳಿ. ಯಾವ ವಾರ್ಡಿಗೆ ಬೇಕಾದ್ರೂ ಹೋಗಿ ಚಾರ್ಟ್ ನೋಡಿ, ಮೂವತ್ತು ಬೆಡ್ಡಿಗೆ ಮೂವತ್ತೂ ಜನ ನಿಮಿಷಕ್ಕೆ 20 ಸಲ ಉಸಿರಾಡ್ತಿರ್ತಾರೆ, ನ್ಯುಮೋನಿಯಾದವ್ರೂ 20, ಹರ್ನಿಯಾದವ್ರೂ 20, ನಾಳೆ ಡಿಸ್ಚಾರ್ಜ್ ಆಗುವವ್ರೂ 20. ಮಕ್ಕಳು ಇದನ್ನ ಪುಸ್ತಕದಿಂದ ಕಲ್ತದ್ದಲ್ಲ, ನಮ್ಮನ್ನ ನೋಡಿ ಕಲ್ತದ್ದು. ನೀವು ಒಂದು ದಿನ ಸುಮ್ಮನೆ, ಪಲ್ಸ್ ನೋಡುವವರ ಹಾಗೆ ರೋಗಿಯ ಮಣಿಕಟ್ಟು ಹಿಡ್ಕೊಂಡೇ, ಕಣ್ಣು ಎದೆ ಮೇಲಿಟ್ಟು ಪೂರ್ತಿ ಒಂದು ನಿಮಿಷ ನಿಂತು ನೋಡಿ, ರೋಗಿಗೆ ಉಸಿರು ಎಣಿಸ್ತಿದ್ದಾರೆ ಅಂತ ಗೊತ್ತಾದ್ರೆ ಉಸಿರಾಟದ ಲಯವೇ ಬದಲಾಗ್ತದೆ ಅನ್ನೋದನ್ನ ಆಚೆ ಬಂದು ಹೇಳಿ. ಆಮೇಲೆ, ಎಣಿಸಿದಾಗ 28 ಬಂದ್ರೆ 28 ಅಂತಲೇ ಬರೀರಿ, ಬರೆದು ಸಿಸ್ಟರಿಗೆ ತಿಳಿಸಿ. ಮೇಡಂ ನಿಜವಾಗಿಯೂ ಎಣಿಸಿದ್ರು ಅಂತ ಆ ಮಕ್ಕಳು ಹಾಸ್ಟೆಲಲ್ಲಿ ಹೇಳ್ಕೊಳ್ತಾರೆ, ನಂಬಿ.

ನಾನು ಕಮ್ಯುನಿಟಿ ಪೋಸ್ಟಿಂಗಿಗೆ ಎಣ್ಮಕಜೆ ಕಡೆ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೆ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟ ಜಾಗ ಅದು, ನಿಮ್ಮ ಪೆರ್ಲದ ಪಕ್ಕವೇ, ನಿಮ್ಗೆ ನಾನು ವಿವರಿಸಬೇಕಾಗಿಲ್ಲ. ಅಲ್ಲಿ ಹಾಸಿಗೆ ಹಿಡಿದ ಮಕ್ಕಳಿರುವ ಕೆಲವು ಮನೆಗಳು ಕ್ಯಾಮರಾ ಹಿಡ್ಕೊಂಡು ಬಂದವ್ರನ್ನ ನೋಡಿ ನೋಡಿ ಸಾಕಾಗಿದೆ. ಅಂಥ ಮನೆಗೆ ಹತ್ತು ಜನ ಬಿಳಿ ಕೋಟಿನ ಮಕ್ಕಳು ನುಗ್ಗಿ, ಮಲಗಿದ ಹುಡುಗನ ಸುತ್ತ ನಿಂತು ನೋಟ್ಸ್ ಬರ್ಕೊಂಡ್ರೆ ಆ ತಾಯಿಗೆ ಹೇಗಾಗ್ಬೇಡ? ನಾನು ಇಬ್ಬರನ್ನ ಮಾತ್ರ ಒಳಗೆ ಕರ್ಕೊಂಡು ಹೋಗ್ತಿದ್ದೆ, ಚಪ್ಪಲಿ ಅಂಗಳದಲ್ಲಿ, ಪುಸ್ತಕ ಬ್ಯಾಗಲ್ಲಿ. ನೆಲದ ಮೇಲೆ ಕೂತು ಮೊದ್ಲು ಆ ಅಮ್ಮನ ಹತ್ರ ನಿಮ್ಮ ಊಟ ಆಯ್ತಾ ಅಂತ ಕೇಳ್ತಿದ್ದೆ. ಒಂದು ಸಲ ಆ ಅಮ್ಮ ಮಗನಿಗೆ ಗಂಜಿ ಉಣಿಸ್ತಿದ್ರು, ತಲೆಯನ್ನ ತನ್ನ ಎಡ ತೋಳಿಗೆ ಆನಿಸಿ ಎತ್ತರಕ್ಕೆ ಹಿಡಿದು, ಒಂದು ಚಮಚ ಹಾಕಿ, ನುಂಗಿದ್ದು ಗಂಟಲಲ್ಲಿ ಕಂಡ್ಮೇಲೆಯೇ ಇನ್ನೊಂದು. ಆಸ್ಪಿರೇಶನ್ ಆಗದ ಹಾಗೆ, ಅಂದ್ರೆ ಅನ್ನ ಶ್ವಾಸನಾಳಕ್ಕೆ ಹೋಗದ ಹಾಗೆ, ಉಣಿಸೋದು ಹೇಗೆ ಅಂತ ನಾವು ಪಾಠ ಮಾಡ್ತೇವಲ್ಲ, ಆ ಅಮ್ಮ ಇಪ್ಪತ್ತು ವರ್ಷದಿಂದ ದಿನಕ್ಕೆ ಮೂರು ಸಲ ಅದನ್ನೇ ಮಾಡ್ತಿದ್ದದ್ದು. ನನ್ನ ಜೊತೆ ಬಂದ ಹುಡುಗಿ "ಅಮ್ಮಾ ನಂಗೂ ಒಂದ್ಸಲ ಕಲಿಸಿ" ಅಂದ್ಳು. ನಾನು ಹೇಳಿಕೊಟ್ಟದ್ದಲ್ಲ ಅದು.

ಇನ್ನು ಕೈಚಳಕದ ವಿಷಯ. ನಿಮ್ಗೆ ಎರಡು ವರ್ಷ ವಾರ್ಡಲ್ಲಿ ಕೆಲಸ ಮಾಡಿದ ಕೈ ಉಂಟು, ಅದು ದೊಡ್ಡ ಆಸ್ತಿ, ಡಿಗ್ರಿ ಮುಗಿಸಿ ನೇರ ಪಾಠಕ್ಕೆ ನಿಂತವ್ರಿಗೆ ಅದು ಇರೋದಿಲ್ಲ. ಆದ್ರೆ ಒಂದು ತೊಂದರೆ, ಕೈಗೆ ಬಂದದ್ದು ಬಾಯಿಗೆ ಬರೋದಿಲ್ಲ. ನೀರುದೋಸೆ ಹಿಟ್ಟು ಎಷ್ಟು ತೆಳು ಇರ್ಬೇಕು ಅಂತ ಅಮ್ಮನ ಹತ್ರ ಕೇಳಿ ನೋಡಿ, "ಅಂದಾಜಿಗೆ ಗೊತ್ತಾಗ್ತದೆ" ಅಂತಾರೆ, ಆ ಅಂದಾಜು ನಲವತ್ತು ವರ್ಷದ್ದು, ಹೊಸದಾಗಿ ಮದುವೆ ಆದವಳಿಗೆ ಅದ್ರಿಂದ ಎಂತ ಪ್ರಯೋಜನ? ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸುಗಳ ಬಗ್ಗೆ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ, ಹೊಸಬರು ನಿಯಮ ಹಿಡ್ಕೊಂಡು ನಡೀತಾರೆ, ಪಳಗಿದವ್ರು ಇಡೀ ಪರಿಸ್ಥಿತಿಯನ್ನ ಒಂದೇ ನೋಟಕ್ಕೆ ಹಿಡೀತಾರೆ, ಹೇಗೆ ಹಿಡಿದ್ರು ಅಂತ ಕೇಳಿದ್ರೆ ಹೇಳ್ಲಿಕ್ಕೆ ಆಗೋದಿಲ್ಲ. ಹಾಗಾಗಿ ಕೆಲಸ ಮಾಡುವಾಗ ಮನಸ್ಸಲ್ಲಿ ಓಡೋದನ್ನ ಬಾಯಿಬಿಟ್ಟು ಹೇಳಿ. ರಕ್ತನಾಳಕ್ಕೆ ಕ್ಯಾನುಲಾ ಅನ್ನೋ ಸಣ್ಣ ನಳಿಗೆ ಹಾಕುವಾಗ "ಈ ಅಜ್ಜನ ರಕ್ತನಾಳ ದಪ್ಪ ಕಾಣ್ತದೆ ಆದ್ರೆ ಬೆರಳಿಟ್ರೆ ಜಾರ್ತದೆ, ಅದಕ್ಕೆ ಕೆಳಗಿನ ಚರ್ಮ ಎಳೆದು ಹಿಡ್ಕೊಂಡೆ, ಗುಲಾಬಿ ಬಿಟ್ಟು ನೀಲಿ ತಗೊಂಡೆ" ಅಂತ. ಗುಲಾಬಿ ಬಣ್ಣದ ಕ್ಯಾನುಲಾ 20 ಗೇಜ್, ನೀಲಿ 22, ಅಂದ್ರೆ ನೀಲಿ ಸ್ವಲ್ಪ ಸಪೂರ ಅನ್ನೋದು ಯಾವ ಚಾರ್ಟಲ್ಲೂ ಸಿಗ್ತದೆ, ಗುಲಾಬಿ ಬಿಟ್ಟದ್ದು ಯಾಕೆ ಅನ್ನೋದು ನಿಮ್ಮ ಬಾಯಲ್ಲಿ ಮಾತ್ರ ಸಿಗೋದು.

2020ರ ಮಾರ್ಚಲ್ಲಿ ಕೊರೊನಾ ಅಂತ ತಲಪಾಡಿ ಗಡಿ ಬಂದ್ ಆಯ್ತಲ್ಲ, ಆ ಬ್ಯಾಚಿನ ಮಕ್ಕಳು ವಾರ್ಡಿಗೆ ವಾಪಸ್ ಬಂದಾಗ ನಂಗೆ ಇದು ಇನ್ನೂ ಚೆನ್ನಾಗಿ ಅರ್ಥ ಆಯ್ತು. ಥಿಯರಿ ಎಲ್ಲ ಬಾಯಿಪಾಠ, ವಿಡಿಯೋ ನೂರು ನೋಡಿದ್ದಾರೆ, ರೋಗಿಯನ್ನ ಮಗ್ಗುಲು ಹೊರಳಿಸ್ಲಿಕ್ಕೆ ಹೇಳಿದ್ರೆ ಕೈ ಎಲ್ಲಿಡ್ಬೇಕು ಅಂತ ಗೊತ್ತಿಲ್ಲ.

ಈಗ ನಿಮ್ಮ ಬೆವರಿನ ವಿಷಯಕ್ಕೆ ಬರ್ತೇನೆ, ಉತ್ತರ ಗೊತ್ತಿಲ್ದಿದ್ರೆ ಎಂತ ಮಾಡೋದು ಅಂತ. ನಾನು ಮಾಡಿದ ತಪ್ಪು ಹೇಳ್ತೇನೆ, ನೀವು ಮಾಡ್ಬೇಡಿ. ಸೇರಿದ ಹೊಸದ್ರಲ್ಲಿ ಒಬ್ಬ ಹುಡುಗ ಕೇಳಿದ, ಮೇಡಂ ಈ ಪ್ಯಾಂಟೊಪ್ರಜೋಲ್ ಮಾತ್ರೆಯನ್ನ ಪುಡಿ ಮಾಡಿ, ಮೂಗಿಂದ ಹೊಟ್ಟೆಗೆ ಹೋಗುವ ರೈಲ್ಸ್ ಟ್ಯೂಬಲ್ಲಿ ಹಾಕ್ಬಹುದಾ ಅಂತ. ಸುತ್ತ ಎಂಟು ಜನ ನಿಂತಿದ್ರು, ಗೊತ್ತಿಲ್ಲ ಅನ್ಲಿಕ್ಕೆ ನಾಚಿಕೆ, "ಹಾಕ್ಬಹುದು, ನುಣ್ಣಗೆ ಪುಡಿ ಮಾಡ್ಬೇಕು ಅಷ್ಟೆ" ಅಂದೆ. ಮಧ್ಯಾಹ್ನ ಊಟ ಗಂಟಲಲ್ಲಿ ಇಳೀಲಿಲ್ಲ, ಲೈಬ್ರರಿಗೆ ಹೋಗಿ ನೋಡಿದೆ. ಹಾಕ್ಬಾರ್ದು. ಆ ಮಾತ್ರೆಗೆ ಹೊಟ್ಟೆಯ ಆಮ್ಲದಲ್ಲಿ ಹಾಳಾಗ್ಬಾರ್ದು ಅಂತ್ಲೇ ಹೊರಗಿಂದ ಕೋಟಿಂಗ್ ಕೊಟ್ಟಿರ್ತಾರೆ, ಪುಡಿ ಮಾಡಿದ್ರೆ ಆ ಕೋಟಿಂಗೇ ಹೋಯ್ತು. ವಾರ್ಡಿಗೆ ಓಡಿದೆ, ಪುಣ್ಯಕ್ಕೆ ಅಲ್ಲಿನ ಸಿಸ್ಟರ್ ಅಷ್ಟರಲ್ಲಿ ಡಾಕ್ಟರ ಹತ್ರ ಹೇಳಿ ಐವಿಗೆ, ಅಂದ್ರೆ ರಕ್ತನಾಳಕ್ಕೆ ಕೊಡುವ ಮದ್ದಿಗೆ, ಬದಲಾಯಿಸಿ ಆಗಿತ್ತು. ಮರುದಿನ ಬೆಳಿಗ್ಗೆ ಅದೇ ಎಂಟು ಜನರ ಎದುರು, ನಿನ್ನೆ ನಾನು ಹೇಳಿದ್ದು ತಪ್ಪು, ಯಾಕೆ ತಪ್ಪು ಅಂದ್ರೆ ಹೀಗೆ, ಅಂತ ಹೇಳಿದೆ. ನಾಲಗೆ ಹೊರಳ್ಲಿಕ್ಕೆ ಎಷ್ಟು ಕಷ್ಟ ಆಯ್ತು ಅಂದ್ರೆ! ಆದ್ರೆ ಆ ಹುಡುಗ, ಈಗ ಗಲ್ಫಲ್ಲಿ ಐಸಿಯುನಲ್ಲಿದ್ದಾನೆ, ಊರಿಗೆ ಬಂದಾಗ ಇವತ್ತಿಗೂ ನೆನಪು ಮಾಡೋದು ನಾನು ಮಾಡಿದ ಯಾವ ಪಾಠವನ್ನೂ ಅಲ್ಲ, ಅದನ್ನ.

"ಗೊತ್ತಿಲ್ಲ, ನಾಳೆ ನೋಡ್ಕೊಂಡು ಬರ್ತೇನೆ" ಅನ್ನಿ, ಧೈರ್ಯವಾಗಿ ಅನ್ನಿ. ಮತ್ತೆ ನಾಳೆ ನಿಜವಾಗಿ ನೋಡ್ಕೊಂಡು ಬನ್ನಿ. ಮರೆತ್ರೆ ಮಾತ್ರ ಮಕ್ಕಳ ಲೆಕ್ಕದಲ್ಲಿ ನೀವು ಫೇಲ್.

ಇದಕ್ಕೆ ಇನ್ನೊಂದು ಮುಖ ಉಂಟು. ನೀವು ನಿಮ್ಮ ತಪ್ಪು ಒಪ್ಪಿದ್ರೆ ಮಕ್ಕಳು ಅವ್ರ ತಪ್ಪನ್ನ ಬಂದು ಹೇಳ್ತಾರೆ. ಎಮಿ ಎಡ್ಮಂಡ್ಸನ್ ಅಂತ ಅಮೆರಿಕದವ್ರು ತೊಂಬತ್ತರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಮದ್ದಿನ ತಪ್ಪುಗಳ ಲೆಕ್ಕ ತೆಗೆದಾಗ, ಒಳ್ಳೆ ಹೆಡ್ ನರ್ಸ್ ಇರುವ ವಾರ್ಡಲ್ಲೇ ತಪ್ಪು ಜಾಸ್ತಿ ಕಂಡಿತ್ತು, ಆಮೇಲೆ ತಿಳೀತು, ಅಲ್ಲಿ ತಪ್ಪು ಜಾಸ್ತಿ ಆಗ್ತಿದ್ದದ್ದಲ್ಲ, ಹೆದರಿಕೆ ಇಲ್ದೆ ಹೇಳ್ಕೊಳ್ತಿದ್ರು, ಬೇರೆ ಕಡೆ ಮುಚ್ಚಿಡ್ತಿದ್ರು. ನಿಮ್ಮ ಸೀನಿಯರ್ಸ್ "ಟೈಟ್" ಮಾಡಿದ ಬ್ಯಾಚಲ್ಲಿ ತಪ್ಪೇ ಆಗೋದಿಲ್ಲ ಅಂತ ಹೇಳಿದ್ರೆ ನಂಗೆ ಹೆದರಿಕೆ ಆಗ್ತದೆ. ಒಂದು ಮಗು ಬೆಳಿಗ್ಗೆ ಹತ್ತು ಗಂಟೆಗೆ ಬಿಳಿಚಿಕೊಂಡು ಬಂದು "ಮೇಡಂ ಹನ್ನೆರಡನೇ ಬೆಡ್ಡಿನ ಮಾತ್ರೆ ಹದಿಮೂರಕ್ಕೆ ಕೊಟ್ಟೆ ಅಂತ ಕಾಣ್ತದೆ" ಅಂತ ಹೇಳುವ ಧೈರ್ಯ ಉಂಟಲ್ಲ, ಅದೇ ನೀವು ಸಂಪಾದಿಸ್ಬೇಕಾದ್ದು. ಹೇಳಿದ ಕೂಡ್ಲೇ ಮೊದ್ಲು ರೋಗಿಯ ಹತ್ರ ಹೋಗಿ, ಬಿಪಿ ನೋಡಿ, ಸಿಸ್ಟರಿಗೂ ಡಾಕ್ಟರಿಗೂ ತಿಳಿಸಿ, ಮಗುವನ್ನೂ ಜೊತೆಗೇ ಇಟ್ಕೊಂಡು ಇದೆಲ್ಲ ಮಾಡಿ. ಬೈಯೋದಿದ್ರೆ ಸಂಜೆ ಬೈದ್ರಾಯ್ತು.

ಇಂಗ್ಲಿಷ್ ಬಗ್ಗೆ ನೀವು ಚಿಂತೆ ಮಾಡ್ತೀರಿ, ನಂಗೆ ನಗು ಬರ್ತದೆ, ಯಾಕಂದ್ರೆ ನಮ್ಮ ವಾರ್ಡಲ್ಲಿ ಇಂಗ್ಲಿಷ್ ಚಾರ್ಟಿಗೆ ಮಾತ್ರ ಸಾಕು. ರೋಗಿ ಒಬ್ಬ ತುಳು, ಪಕ್ಕದವ್ರು ಬ್ಯಾರಿ, ಆಚೆ ಹವ್ಯಕ ಅಜ್ಜ, ಮೂಲೇಲಿ ಮರಾಟಿ ಅಮ್ಮ, ಮಕ್ಕಳಲ್ಲಿ ಅರ್ಧ ಪಯ್ಯನ್ನೂರು ಕಣ್ಣೂರು ಕಡೆಯವ್ರು, ಅವ್ರಿಗೆ ಮಲಯಾಳ ಬಿಟ್ರೆ ಬೇರೆ ಬಾರದು. ಮಲಯಾಳದಲ್ಲಿ ಪನಿ ಅಂದ್ರೆ ಜ್ವರ, ತುಳುವಲ್ಲಿ ಪನಿ ಅಂದ್ರೆ ತುಂತುರು ಮಳೆ. ಪಾಪ ಒಂದು ಹುಡುಗಿ, ಹೊರಗೆ ಪನಿ ಬರ್ತಾ ಉಂಟು ಅಂತ ಅಜ್ಜಿ ಹೇಳಿದ್ದಕ್ಕೆ ಥರ್ಮಾಮೀಟರ್ ಹಿಡ್ಕೊಂಡು ಬಂದದ್ದನ್ನ ನಾನು ಕಣ್ಣಾರೆ ನೋಡಿದ್ದೇನೆ. ಇಂಥ ಜಾಗದಲ್ಲಿ ಪೆರ್ಲದವಳಾದ ನಿಮ್ಗೆ ನಾಲ್ಕು ಭಾಷೆ ಬಾಯಲ್ಲಿರ್ತದೆ, ಅದಕ್ಕಿಂತ ದೊಡ್ಡ ಕ್ವಾಲಿಫಿಕೇಶನ್ ಎಂತ ಬೇಕು? "ವೇದನ ಉಂಡೋ, ಬೇನೆ ಉಂಡಾ, ನೋವುಂಟಾ", ಮಲಯಾಳ, ತುಳು, ಕನ್ನಡದಲ್ಲಿ ಒಂದೇ ಪ್ರಶ್ನೆ, ಈ ಮೂರನ್ನ ಮೊದಲ ದಿನವೇ ಎಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿ. ಕನ್ನಡದ ಮಕ್ಕಳ ಹತ್ರ ಕನ್ನಡದಲ್ಲೇ ವಿವರಿಸಿ, ಆದ್ರೆ ಒಂದು ಎಚ್ಚರ, ಎಲ್ಲರೂ ಸೇರಿ ಇರುವಾಗ ಕನ್ನಡದಲ್ಲೇ ನಗೆಚಾಟಿಕೆ ಮಾಡ್ತಾ ಕೂತ್ರೆ ಕಣ್ಣೂರಿನ ಮಗುವಿಗೆ ತನ್ನ ಬಗ್ಗೆಯೇ ಮಾತಾಡ್ತಿದ್ದಾರೆ ಅನ್ಸ್ತದೆ. ಪಕ್ಷಪಾತ ಅನ್ನೋ ಹೆಸರು ಒಮ್ಮೆ ಬಂದ್ರೆ ಹೋಗೋದಿಲ್ಲ. ಮಾರ್ಕ್ಸ್ ವಿಷಯದಲ್ಲೂ ಇಷ್ಟೇ. ಕಡಿಮೆ ಕೊಟ್ರೆ ಮಕ್ಕಳು ಸಹಿಸ್ತಾರೆ, ಯಾಕೆ ಕಡಿಮೆ ಅಂತ ಕೊನೆ ದಿನದವರೆಗೆ ಹೇಳದೇ ಇದ್ರೆ ಸಹಿಸೋದಿಲ್ಲ.

ಇದೆಲ್ಲ ಕೇಳಿ ನೀವು, ಹತ್ತು ಜನರ ಪಕ್ಕದಲ್ಲಿ ಒಬ್ಬಳು ಹೇಗೆ ನಿಲ್ಲೋದು ಅಂತ ಕೇಳ್ತೀರಿ, ಗೊತ್ತುಂಟು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕ ಹತ್ತು ಮಕ್ಕಳಿಗೆ ಒಬ್ಬ ಟೀಚರ್, ಎಷ್ಟೋ ದಿನ ಇಬ್ಬರು ಟೀಚರ್ಸ್ ರಜೆ ಹಾಕಿ ಅದು ಹದಿನೈದೂ ಆಗ್ತದೆ. ನಾನು ಮಾಡ್ತಿದ್ದದ್ದು ಹೀಗೆ. ಹ್ಯಾಂಡೋವರ್ ಮುಗಿದ ಕೂಡ್ಲೇ ಐದು ನಿಮಿಷ ಎಲ್ಲರನ್ನೂ ನಿಲ್ಲಿಸಿ, ಇವತ್ತು ಯಾರಿಗೆ ಮೊದಲ ಸಲದ ಕೆಲಸ ಉಂಟು ಅಂತ ಕೇಳ್ತಿದ್ದೆ, ಮೊದಲ ಕ್ಯಾತಿಟರ್, ಮೊದಲ ರೈಲ್ಸ್ ಟ್ಯೂಬ್, ಮೊದಲ ಸಲ ತೀರಿಕೊಂಡವ್ರ ಮೈ ಒರೆಸೋದು. ಆ ಇಬ್ಬರು ಮೂವರು ಇವತ್ತು ನನ್ನವ್ರು. ಉಳಿದವ್ರಿಗೆ ಗೊತ್ತಿರುವ ಕೆಲಸ, ನಾನು ಯಾವ ಬೆಡ್ಡಿನ ಹತ್ರ ಇರ್ತೇನೆ ಅಂತ ಹೇಳಿಯೇ ಹೋಗೋದು, ಸೂಜಿ ಹಿಡಿಯುವ ಮೊದ್ಲು ಬಂದು ಕರೀಬೇಕು ಅನ್ನೋದು ಒಂದೇ ಕಟ್ಟುನಿಟ್ಟು. ನಾಳೆ ಬೇರೆ ಇಬ್ಬರು. ಯಾರ ಸರದಿ ಆಯ್ತು ಯಾರದ್ದು ಇಲ್ಲ ಅಂತ ಸಣ್ಣ ಡೈರಿಯಲ್ಲಿ ಬರ್ದಿಡಿ, ಇಲ್ಲಾಂದ್ರೆ ಮುಂದೆ ಬಂದು ನಿಲ್ಲುವ ಚಾಲಾಕಿಗಳಿಗೇ ಎಲ್ಲ ಸಿಕ್ಕಿ, ಹಿಂದೆ ಕಂಬಕ್ಕೆ ಆನಿಸಿ ನಿಲ್ಲುವ ಮಗು ಹಾಗೆಯೇ ಪೋಸ್ಟಿಂಗ್ ಮುಗಿಸ್ತದೆ.

ಮತ್ತೆ ವಾರ್ಡ್ ಸಿಸ್ಟರ ಜೊತೆ ಚೆನ್ನಾಗಿರಿ. ಮಕ್ಕಳನ್ನ ಲ್ಯಾಬಿಗೆ ಫಾರ್ಮಸಿಗೆ ಓಡಿಸ್ತಾರೆ ಅಂತ ಬೇಜಾರು ಮಾಡಿ ಜಗಳಕ್ಕೆ ನಿಂತ್ರೆ, ಒಳ್ಳೆ ಕೇಸ್ ಬಂದಾಗ ನಿಮ್ಮ ಮಕ್ಕಳನ್ನ ಕರೆಯೋದಿಲ್ಲ. ಅವ್ರಿಗೆ ಜನ ಕಡಿಮೆ, ಅದು ಅವ್ರ ತಪ್ಪೂ ಅಲ್ಲ. ಸೋಮವಾರ ಬೆಳಿಗ್ಗೆ ಹೋದ ಕೂಡ್ಲೇ, ಈ ವಾರ ಮಕ್ಕಳು ನಿಮ್ಗೆ ಬೆಡ್ ಮೇಕಿಂಗೂ ವೈಟಲ್ಸೂ ಪೂರ್ತಿ ಮಾಡಿ ಕೊಡ್ತಾರೆ, ಡ್ರೆಸ್ಸಿಂಗ್ ಇದ್ರೆ ಮಾತ್ರ ನನ್ನನ್ನ ಒಂದು ಮಾತು ಕರೀರಿ ಸಿಸ್ಟರ್ ಅಂತ ಹೇಳಿ ನೋಡಿ. ಬುಧವಾರದೊಳಗೆ ಅವ್ರೇ ಕರೀತಾರೆ. ಆಗ ಕಂಬದ ಹತ್ರ ನಿಂತ ಮಗುವನ್ನ ಮೊದ್ಲು ಕರ್ಕೊಂಡು ಹೋಗಿ.